ಬೀಗದ ಕೈ ಯಾರ ಬಳಿ?

ನಮ್ಮ ಬಳ್ಳಾರಿಯಲ್ಲಿ ಸಾರ್ವಜನಿಕ ಕಟ್ಟಡವೊಂದು ಪಾಳು ಬಿದ್ದಿತೆಂದರೆ ಮೂರೇ ಮಾತು ಕೇಳಿಬರುತ್ತವೆ: ಮಾರಿಬಿಡಿ, ಕೆಡವಿ ಕಾಂಪ್ಲೆಕ್ಸ್ ಕಟ್ಟಿ, ಇಲ್ಲವೇ ಮೂವತ್ತು ವರ್ಷಕ್ಕೆ ಗುತ್ತಿಗೆ ಕೊಡಿ. ಈ ಮೂರರಲ್ಲಿ ಯಾವುದು ಲಾಭವೆಂದು ಚಹದ ಅಂಗಡಿಯಿಂದ ಸಭಾಭವನದವರೆಗೆ ವಾದ ನಡೆಯುತ್ತದೆ. ಅದನ್ನು ಕಟ್ಟಿದ್ದು ಯಾರ ದುಡ್ಡಿನಿಂದ, ಅದರ ಬಾಗಿಲು ಮುಚ್ಚಿದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಕೇಳುವುದು ಅದನ್ನೇ.

ಕಟ್ಟಡವೆಂಬುದು ತಾನಾಗಿ ನಿರುಪಯುಕ್ತವಾಗುವುದಿಲ್ಲ. ಸೋರುವ ಮಾಳಿಗೆಗೆ ಸಕಾಲದಲ್ಲಿ ಗಾರೆ ಹಾಕದವರೇ ಹತ್ತು ವರ್ಷದ ಮೇಲೆ ಅದೇ ಮಾಳಿಗೆಯನ್ನು ತೋರಿಸಿ 'ಅಪಾಯಕಾರಿ' ಎನ್ನುತ್ತಾರೆ. ಕುಣಿಯಲು ಬಾರದವಳು ನೆಲ ಡೊಂಕೆಂದಳಂತೆ! ಮೈಸೂರನ್ನು ನೋಡಿ. ಅಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಉಳಿಸಬೇಕೋ ಕೆಡವಬೇಕೋ ಎಂಬ ವ್ಯಾಜ್ಯ ಆಮೇಲೆ ವರ್ಷಗಟ್ಟಲೆ ನಡೆಯಿತು. ಬೀಳುವ ಮುನ್ನ ಅದರ ಅರ್ಧದಷ್ಟು ಕಾಳಜಿ ಹುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

'ಹಳೆಯದನ್ನೆಲ್ಲ ಇಟ್ಟುಕೊಂಡು ಪೂಜೆ ಮಾಡಬೇಕೆ?' ಎಂದು ಮಿತ್ರರೊಬ್ಬರು ನನ್ನನ್ನು ಕೇಳಿದರು. ಬೇಡ. ನಾನು ಹಳೆಯ ಗೋಡೆಗಳ ಭಕ್ತನಲ್ಲ. ಬೆಂಗಳೂರಿನ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಮಾಣಿಕ್ಯವೇಲು ಮಹಲು 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಯಿತು. ರೂಪ ಬದಲಾಯಿತು, ಬಾಗಿಲು ಜನರಿಗೆ ತೆರೆಯಿತು. ಬದಲಾವಣೆಯನ್ನು ಒರೆಗೆ ಹಚ್ಚಲು ಇದಕ್ಕಿಂತ ಬೇರೆ ಕಲ್ಲು ಬೇಕಿಲ್ಲ.

ಪಾಲಿಕೆಗೆ ಆದಾಯ ಬೇಕು, ನಿಜ. ಚರಂಡಿಯಾಗಲಿ ಕುಡಿಯುವ ನೀರಾಗಲಿ ಹಣವಿಲ್ಲದೆ ಬರುವುದಿಲ್ಲ. ಆದರೆ ಮಾರಿದ ಹಣ ಬರುವುದು ಒಂದೇ ಸಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಇನ್ನು ಮೂವತ್ತು ವರ್ಷದ ಗುತ್ತಿಗೆಯೆಂದರೆ, ಇಂದು ತೊಟ್ಟಿಲಲ್ಲಿರುವ ಕೂಸು ತನ್ನ ಕೂಸನ್ನು ತೂಗುವ ತನಕ ಊರಿನ ಕೈ ಕಟ್ಟಿಹಾಕಿದಂತೆ.

ವಕೀಲಿಕೆಯ ನಡುವೆಯೂ ನಟನೆಯನ್ನು ತಪಸ್ಸಿನಂತೆ ನಡೆಸಿದ ಬಳ್ಳಾರಿ ರಾಘವರ (1880–1946) ಊರಿದು. ಅವರ ಹೆಸರಿನ ಕಲಾಮಂದಿರವಿದೆ. ಜೋಳದರಾಶಿ ದೊಡ್ಡನಗೌಡರ ಹೆಸರಿನ ರಂಗಮಂದಿರವಿದೆ. ಆಡಲು ಸ್ಥಳವುಂಟು, ತಾಲೀಮಿಗೆ ಸ್ಥಳ ಸಿಗುವುದು ಕಷ್ಟ. ಕಳೆದ ವರ್ಷ ನನ್ನ ವಿದ್ಯಾರ್ಥಿಗಳು ನಾಟಕವೊಂದರ ತಾಲೀಮು ನಡೆಸಿದ್ದು ಒಬ್ಬರ ಮನೆಯ ಮಾಳಿಗೆಯ ಮೇಲೆ, ಅದೂ ನೆರೆಯವರು ಮಲಗುವ ಹೊತ್ತಿನವರೆಗೆ. ಅಲ್ಲಿಂದ ಕೂಗಳತೆಯಲ್ಲೇ ಬೀಗ ಜಡಿದ ಸರಕಾರಿ ಕಟ್ಟಡವೊಂದಿತ್ತು! ಜೀನ್ಸ್ ಹೊಲಿದು ಊರಿಗೆ ಹೆಸರು ತಂದವರಲ್ಲಿ ಎಷ್ಟೋ ಮಂದಿ ಇಕ್ಕಟ್ಟಾದ ಮನೆಗಳಲ್ಲೇ ಮಿಷಿನ್ ಇಟ್ಟುಕೊಂಡವರು. ಅವರ ಮಕ್ಕಳಿಗೆ ಸಂಜೆ ಓದಲು ಒಂದು ಕೋಣೆ ಬೇಡವೆ?

ಜಿಲ್ಲೆಯ ಉಳಿದ ಊರುಗಳ ಮಾತೂ ಇದೇ. ಭತ್ತದ ಸೀಮೆಯಾದ ಸಿರುಗುಪ್ಪದಲ್ಲಿ ಸುಗ್ಗಿ ಬಂದಾಗ ರೈತ ರಸ್ತೆಯ ಮೇಲೆ ಭತ್ತ ಹರಡುತ್ತಾನೆ. ಸರಕಾರದ ಅಂಗಳವೊಂದು ಖಾಲಿಯಿದ್ದರೆ ಮೊದಲ ಹಕ್ಕು ಅವನದು. ದೊಡ್ಡಬಸವೇಶ್ವರನ ಕುರುಗೋಡು ಈಗ ತಾಲ್ಲೂಕು ಕೇಂದ್ರ. ಹೊಸ ತಾಲ್ಲೂಕಿಗೆ ಕಚೇರಿಗಳು ಬೇಕು. ಹೊಸ ನಿವೇಶನ ಹುಡುಕುವ ಮೊದಲು ಸರಕಾರ ತನ್ನ ಖಾಲಿ ಕೋಣೆಗಳನ್ನು ಎಣಿಸಿಕೊಳ್ಳಲಿ.

ನನ್ನ ಬೇಡಿಕೆ ದೊಡ್ಡದಲ್ಲ. ಮೊದಲು ಪಟ್ಟಿ ಹೊರಬರಲಿ: ಯಾವ ಆಸ್ತಿ, ಎಷ್ಟು ಅಳತೆ, ಎಂದಿನಿಂದ ಖಾಲಿ, ಯಾರ ಸ್ವಾಧೀನ. ಜನ ಕೇಳುವ ಮೊದಲೇ ಮಾಹಿತಿ ಪ್ರಕಟಿಸುವ ಹೊಣೆಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮು ಕಚೇರಿಗಳ ಮೇಲೆ ಹೊರಿಸಿದೆ. ಬಳಿಕ ಆಯಾ ವಾರ್ಡಿನವರನ್ನು ಕರೆದು ಕೇಳಲಿ. ಒಂದು ವರ್ಷದ ಮಟ್ಟಿಗೆ, ದುರಸ್ತಿ ಮಾಡಿಸಿ, ಅಲ್ಪ ಬಾಡಿಗೆಗೆ ತೆರೆದು ನೋಡಲಿ. ಯಾರೂ ಬಾರದಿದ್ದರೆ ಕಾಂಪ್ಲೆಕ್ಸ್ ಕಟ್ಟಿರೆಂದು ನಾನೇ ಬರೆಯುತ್ತೇನೆ. ಅಲ್ಲಿಯ ತನಕ ಮಾರಾಟವೂ ಬೇಡ, ಗುತ್ತಿಗೆಯೂ ಬೇಡ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಭ್ರಮದ ಚಪ್ಪರವನ್ನು ಕಾಯುತ್ತಿದ್ದ ರಂಜಾನ್ ಸಾಬರು ದುಷ್ಕರ್ಮಿಗಳ ದಾಳಿಗೆ ಸಿಕ್ಕಿ ಪ್ರಾಣಬಿಟ್ಟರು. ಒಂದು ದಿನದ ಚಪ್ಪರವನ್ನು ಊರಿನದೆಂದು ಅವರು ಕಾದರು. ನೂರು ವರ್ಷ ನಿಲ್ಲಬಲ್ಲ ಕಟ್ಟಡವನ್ನು ಊರಿನದೆಂದು ನಾವು ಕಾಯಲಾರೆವೆ?