ಮನೆ ಸ್ವಂತದ್ದಾ?

ಮದುವೆ ಮಾತುಕತೆಗೆ ಹೋದರೆ ನಾವು ಮೊದಲು ಕೇಳುವುದೇ ‘ಮನೆ ಸ್ವಂತದ್ದಾ, ಬಾಡಿಗೆಯಾ?’ ಅಂತ. ಈ ಪ್ರಶ್ನೆಗೆ ಹೆದರಿಯೇ ಗಲ್ಫಿನಲ್ಲಿರುವ ನಮ್ಮ ಎಷ್ಟೋ ಹುಡುಗರು ಬ್ಯಾಂಕ್ ಸಾಲ ಮಾಡಿ ಐದು ಸೆಂಟ್ಸ್ ಜಾಗದಲ್ಲಿ ಎರಡು ಮಹಡಿ ಎಬ್ಬಿಸುತ್ತಾರೆ. ಲೆಕ್ಕ ಹಾಕಿ ನೋಡಿ: ಶೇ. 8.5ರ ಬಡ್ಡಿಗೆ 20 ವರ್ಷದ ಅವಧಿಗೆ 25 ಲಕ್ಷ ಸಾಲ ತೆಗೆದರೆ ತಿಂಗಳ ಕಂತು ಸುಮಾರು 21,700 ರೂಪಾಯಿ. ತೀರುವಾಗ ಕಟ್ಟಿದ್ದು 52 ಲಕ್ಷ, ಅದರಲ್ಲಿ 27 ಲಕ್ಷ ಬರೀ ಬಡ್ಡಿ! ಬಡ್ಡಿ ಹರಾಮ್ ಎಂದು ಮದ್ರಸದಲ್ಲಿ ಕಲಿಸುವ ನಾವೇ ಆ ಮನೆಯ ಒಕ್ಕಲಿಗೆ ಹೋಗಿ ದುಆ ಮಾಡಿ, ಬಿರಿಯಾನಿ ಉಂಡು ಬರುತ್ತೇವೆ.

ಬಾಡಿಗೆ ಸುಲಭ ಅಂತಲ್ಲ. ಹನ್ನೊಂದು ತಿಂಗಳ ಕರಾರು ಮುಗಿದ ಕೂಡಲೇ ಬಿಡಿ ಎಂದರೆ ಮಕ್ಕಳ ಶಾಲೆ, ಮದ್ರಸ ಎರಡೂ ಬದಲಾಗಬೇಕು. ಲಕ್ಷಗಟ್ಟಲೆ ಕೊಟ್ಟು ಬಾಡಿಗೆಯಿಲ್ಲದೆ ಕೂರುವ ‘ಲೀಸ್’ ಕೂಡ ದಾರಿಯಲ್ಲ. ಕೊಟ್ಟ ಸಾಲದಿಂದ ಲಾಭ ಪಡೆಯುವುದೂ ಬಡ್ಡಿಯೇ ಎಂದು ಉಲಮಾಗಳು ಎಚ್ಚರಿಸುತ್ತಾರೆ.

ಇತ್ತ ನಮ್ಮ ಮೊಹಲ್ಲಾಗಳಲ್ಲೇ ಬೀಗ ಹಾಕಿದ ಮನೆಗಳಿವೆ, ಯಜಮಾನರು ದುಬೈ, ದಮ್ಮಾಮ್‌ನಲ್ಲಿ. ಜಮಾಅತ್ ಕಮಿಟಿ ನಡುವೆ ನಿಂತು ಅವನ್ನು ನ್ಯಾಯದ ಬಾಡಿಗೆಗೆ, ಮೂರು ವರ್ಷದ ಕರಾರಿನಲ್ಲಿ ಕೊಡಿಸಬಾರದೇಕೆ? ಮುಂದಿನ ಮಹಾಸಭೆಯಲ್ಲಿ ಯಾರಾದರೂ ಈ ಮಾತು ಎತ್ತಿ.