ಗೀಳಿಗೊಬ್ಬ ಗುರು ಬೇಕು
ಈ ವಾರ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಹೈಸ್ಕೂಲ್ ಹುಡುಗನೊಬ್ಬ ತಿರುಗಣೆ ಕಂಬಗಳ ಒಂದೊಂದು ಸುತ್ತನ್ನೂ ಗಣಿತದ ನೋಟ್‌ಬುಕ್ಕಿನಲ್ಲಿ ಬಿಡಿಸುತ್ತಿದ್ದ. “ಊಟದ ಖಬರೂ ಇಲ್ರೀ, ಬರೀ ಇದೇ ಹುಚ್ಚು” ಎಂದು ಅವನ ತಾಯಿ ಕಣ್ಣೊರೆಸಿಕೊಂಡರು. ನನಗೆ ರೋಣದ ಗಾಯಕ ಭೀಮಸೇನ ಜೋಶಿ ನೆನಪಾದರು. ಅಬ್ದುಲ್ ಕರೀಂ ಖಾನರ ಗ್ರಾಮೊಫೋನ್ ತಟ್ಟೆ ಕೇಳಿ, 1933ರಲ್ಲಿ, ಹನ್ನೊಂದರ ವಯಸ್ಸಿಗೇ ಗುರುವನ್ನು ಅರಸಿ ಮನೆಬಿಟ್ಟವರು ಅವರು. ಮೇಷ್ಟರಾಗಿದ್ದ ತಂದೆ ಮಗನನ್ನು ಜಲಂಧರದಲ್ಲಿ ಪತ್ತೆಹಚ್ಚಿ ಕರೆತಂದರು, ಹಾಡು ಮಾತ್ರ ಬಿಡಿಸಲಿಲ್ಲ. 1936ರಲ್ಲಿ ಸವಾಯಿ ಗಂಧರ್ವರು ಶಿಷ್ಯನೆಂದು ಒಪ್ಪಿಕೊಂಡರು; ಹುಡುಗ ಕುಂದಗೋಳದಲ್ಲಿ ನೀರು ಹೊತ್ತು ಸಂಗೀತ ಕಲಿತ. ಅಲೆದಾಡಿಸಿದ ಆ ಗೀಳೇ ಅಲ್ಲಿ ಸಾಧನೆಯಾಯಿತು. ಹದಿಹರೆಯದ ಮಗುವನ್ನು ಗೀಳಿನ ಜೊತೆ ಒಂಟಿಯಾಗಿ ಬಿಟ್ಟರೆ ಅದು ಮಗುವನ್ನೇ ತಿನ್ನುತ್ತದೆ. ತಂದೆತಾಯಂದಿರೇ, ಅದನ್ನು ಕಸಿಯಬೇಡಿ. ಊಟ, ನಿದ್ದೆಗೆ ಹೊತ್ತು ಗೊತ್ತುಮಾಡಿ, ಆ ವಿದ್ಯೆ ಬಲ್ಲವರೊಬ್ಬರನ್ನು ಹುಡುಕಿಕೊಡಿ.