ವರದಿಯಲ್ಲಿ ಪ್ರತಿಜನಕದ ಹೆಸರೂ ಇರಲಿ

ಕೃಷ್ಣೆಗೂ ತುಂಗಭದ್ರೆಗೂ ನಡುವಣ ಎಡೆದೊರೆ ನಾಡಿನಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಮಾನ್ವಿಯ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿತು. ನಾರಾಯಣಪುರ ಬಲದಂಡೆಯ ಕಾಲುವೆ ದೇವದುರ್ಗದ ಎರೆಭೂಮಿಗೂ ನೀರೂಡಿಸಿತು. ಸುತ್ತಣ ಹತ್ತಿಯೆಲ್ಲ ರಾಯಚೂರಿನ ಜಿನ್ನಿಂಗ್ ಕಾರ್ಖಾನೆಗಳನ್ನು ಸೇರತೊಡಗಿತು. ಆದರೆ ನೆನೆದ ಹುಲ್ಲಿನ ಬಣವೆ, ಅಕ್ಕಿ ಗಿರಣಿಯ ಧೂಳು, ಅರಳೆಯ ಅಂಡಿಗೆ, ಇವೆಲ್ಲವೂ ಬೂಷ್ಟಿಗೆ ಪ್ರಿಯವಾದ ನೆಲೆಗಳು. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಣಗಳನ್ನು ಉಸಿರಾಡದವರಿಲ್ಲ, ಬಹುಜನರಿಗೆ ಅದರಿಂದ ಬಾಧೆಯೂ ಇಲ್ಲ. ಆಸ್ತಮಾ ಉಳ್ಳ ಕೆಲವರಲ್ಲಿಯೂ, ಕ್ಷಯ ವಾಸಿಯಾದ ಮೇಲೂ ಶ್ವಾಸಕೋಶದಲ್ಲಿ ಕುಳಿ ಉಳಿದ ಕೆಲವರಲ್ಲಿಯೂ ಅದು ರೋಗವಾಗಿ ಪರಿಣಮಿಸುವುದುಂಟು. ಎಕ್ಸ್‌ರೇಯ ನೆರಳು ಕ್ಷಯದ್ದೇ ಎಂಬಂತೆ ತೋರುವುದರಿಂದ, ಕಫದಲ್ಲಿ ಕ್ಷಯಾಣು ಕಾಣದಿದ್ದರೂ ಟಿ.ಬಿ. ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದವರು ನಮ್ಮ ದೇಶದಲ್ಲಿ ಅನೇಕರು. ಇಂಥವರನ್ನು ಬೇರ್ಪಡಿಸಿ ಗುರುತಿಸಲು ಇರುವ ಸಾಧನಗಳಲ್ಲಿ ಶಿಲೀಂಧ್ರದ ರಕ್ತಪರೀಕ್ಷೆ ಮುಖ್ಯವಾದುದು.

ಪರೀಕ್ಷೆಯ ತತ್ತ್ವ ಸರಳ: ಬೂಷ್ಟಿನ ಸತ್ವವನ್ನು, ಅಂದರೆ ಪ್ರತಿಜನಕವನ್ನು, ರೋಗಿಯ ರಕ್ತರಸದೊಡನೆ ಕೂಡಿಸಿ, ಅದರಲ್ಲಿ ಪ್ರತಿಕಾಯಗಳುಂಟೋ ಎಂದು ನೋಡುವುದು. ಲಂಡನ್ನಿನ ಜಾಕ್ ಪೆಪಿಸ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಅಗರ್ ಪದರದ ಮೇಲೆ ಮೂಡುವ ಬಿಳಿಯ ಗೆರೆಗಳಿಂದ ಇದನ್ನು ಕಂಡುಕೊಂಡರು. ತೊಡಕಿರುವುದು ಆ ಸತ್ವದಲ್ಲಿಯೇ. ಬೂಷ್ಟು ಜೀವಂತ ವಸ್ತು. ಅದರ ಯಾವ ತಳಿಯನ್ನು ಆಯ್ದರು, ಯಾವ ಆಹಾರದಲ್ಲಿ ಎಷ್ಟು ದಿನ ಬೆಳೆಸಿದರು, ಸೋಸಿದ ದ್ರವವನ್ನು ತೆಗೆದುಕೊಂಡರೋ ಎಳೆಗಳನ್ನು ಅರೆದರೋ, ಎಂಬುದನ್ನನುಸರಿಸಿ ಅದರೊಳಗಿನ ಪ್ರೋಟೀನುಗಳು ಬೇರೆಬೇರೆಯಾಗುವುವು. ಶಿಲೀಂಧ್ರ ಬೆಳೆಯುವಾಗ ಹೊರಸೂಸುವ ಆಸ್ಪ್ ಎಫ್ 1 ಎಂಬ ಪ್ರೋಟೀನು ನಿದ್ರಿಸುತ್ತಿರುವ ಬೀಜಕಣದಲ್ಲಿ ದೊರೆಯದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪ್ರಮಾಣೀಕರಿಸಿರುವ 19 ಅಲರ್ಜಿ ಸತ್ವಗಳಲ್ಲಿ ಬೆಕ್ಕಿಗೆ, ಧೂಳುನುಸಿಗೆ, ಹುಲ್ಲಿಗೆ, ಜೇನ್ನೊಣಕ್ಕೆ ಸ್ಥಾನವುಂಟು. ಬೂಷ್ಟಿನ ಸತ್ವ ಒಂದೂ ಇಲ್ಲ. ನಮ್ಮಲ್ಲಿ ಇನ್ನೂ ಒಂದು ವಿಶೇಷ: ಪರೀಕ್ಷೆಯ ಸತ್ವ ಬಹುಮಟ್ಟಿಗೆ ಫ್ಯುಮಿಗೇಟಸ್ ಜಾತಿಯದು, ಭಾರತದಲ್ಲಿ ಫ್ಲೇವಸ್ ಜಾತಿಯ ಹಾವಳಿಯೂ ಸಣ್ಣದಲ್ಲ.

ರಾಯಚೂರು ಮೈಸೂರು ರಾಜ್ಯವನ್ನು ಸೇರಿದ 1956ರಲ್ಲಿಯೇ ದೇಶಕ್ಕೆಲ್ಲ ಏಕರೂಪದ ತೂಕ ಅಳತೆಗಳ ಕಾಯಿದೆಯೂ ಬಂದಿತು. ಮುದ್ರೆಯಿಲ್ಲದ ಕಲ್ಲಿನಿಂದ ಭತ್ತವನ್ನು ತೂಗುವ ವರ್ತಕನನ್ನು ಮಾನ್ವಿಯ ರೈತ ಇಂದು ಸುಮ್ಮನೆ ಬಿಡಲಾರ. ರಕ್ತವನ್ನು ತೂಗುವ ಕಲ್ಲಿನ ವಿಷಯದಲ್ಲಿ ಮಾತ್ರ ಅವನೂ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ಒಂದು ಪ್ರಯೋಗಶಾಲೆಯಲ್ಲಿ 'ಪಾಸಿಟಿವ್' ಆದ ರಕ್ತ ಮತ್ತೊಂದರಲ್ಲಿ 'ನೆಗೆಟಿವ್' ಆಗಬಲ್ಲದು, ಎರಡು ಕಡೆಯೂ ಕೆಲಸಗಾರರು ನಿರ್ದೋಷಿಗಳಾಗಿದ್ದರೂ. 'ಪಾಸಿಟಿವ್' ಎನ್ನಲು ವೈದ್ಯರು ಆಶ್ರಯಿಸುವ 0.35 ಎಂಬ ಗೆರೆಯೂ ಅದಕ್ಕಾಗಿ ಅಳೆದು ನೋಡಿದ ಯಂತ್ರಕ್ಕೇ ಸಲ್ಲತಕ್ಕದ್ದು. ಅದನ್ನು ಕಂಡ ಕಂಡ ಕಿಟ್ಟಿಗೆ ಅನ್ವಯಿಸುವುದು ಅವಿವೇಕ. ಮೇಲಾಗಿ, 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕಾದ ದ್ರಾವಣವು 40 ಡಿಗ್ರಿ ಮೀರುವ ನಮ್ಮ ಬೇಸಗೆಯಲ್ಲಿ ಪಯಣಿಸುವಾಗ ಏನಾಗಬಹುದೆಂಬುದನ್ನು ವರದಿಯ ಕಾಗದ ಹೇಳುವುದಿಲ್ಲ.

ಇದರಿಂದ ಪರೀಕ್ಷೆಯೇ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಸಂಖ್ಯೆಯ ಪಕ್ಕದಲ್ಲಿ ಪ್ರತಿಜನಕದ ಜಾತಿ, ತಯಾರಕರ ಹೆಸರು, ಬ್ಯಾಚು, ವಿಧಾನ ಇಷ್ಟನ್ನೂ ನಮೂದಿಸುವುದು ಕಡ್ಡಾಯವಾಗಲಿ. ಚಿಕಿತ್ಸೆಯ ಮೊದಲಿನ ಮತ್ತು ಅನಂತರದ ಪರೀಕ್ಷೆಗಳು ಒಂದೇ ವಿಧಾನದಲ್ಲಿ ನಡೆಯಲಿ. 2007ರಲ್ಲಿ ಆರಂಭವಾದ ನಮ್ಮ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆಯು, ರೋಗ ಖಚಿತವಾದವರ ಮತ್ತು ಆರೋಗ್ಯವಂತ ರೈತರ ರಕ್ತರಸವನ್ನು ಅವರ ಒಪ್ಪಿಗೆಯಿಂದ ಸಂಗ್ರಹಿಸಿ ಶೈತ್ಯಾಗಾರದಲ್ಲಿರಿಸಿ, ಹೊಸ ಬ್ಯಾಚು ಬಂದಾಗಲೆಲ್ಲ ಮೊದಲು ಅದರ ಮೇಲೆ ಪ್ರಯೋಗಿಸಿ ನೋಡುವ ಏರ್ಪಾಡನ್ನು ಮಾಡಬಹುದು. ಬಣವೆಯ ಧೂಳನ್ನು ದಿನವೂ ಕುಡಿಯುವ ಆರೋಗ್ಯವಂತನ ರಕ್ತದಲ್ಲಿಯೂ ಪ್ರತಿಕಾಯಗಳು ಇರುವುದು ಸಹಜವಾದುದರಿಂದ, ಈ ಎರಡನೆಯ ಸಂಗ್ರಹವಿಲ್ಲದೆ ಮೊದಲನೆಯದರಿಂದ ಪ್ರಯೋಜನ ಅಲ್ಪ. ಸರಕಾರಿ ಆಸ್ಪತ್ರೆಗಳಿಗೆ ಕಿಟ್ಟುಗಳನ್ನು ಕೊಳ್ಳುವ ಟೆಂಡರಿನಲ್ಲಿ ಬೆಲೆಯ ಕಾಲಮಿಗಿಂತ ಮೊದಲು ಈ ಸಂಗ್ರಹದ ಮೇಲೆ ನಡೆದ ಪರೀಕ್ಷೆಯ ಫಲಿತಾಂಶಕ್ಕೊಂದು ಕಾಲಮು ಬರಲಿ.